ಹಳೇ ಪದ್ಧತಿಯಲ್ಲಿ ಮುಖದ ಫೋಟೋ ತೆಗೆಯಬೇಕೆ? ಮೊದಲು ಕೂರುವವರನ್ನು ನೋಡಿ

ಕಳೆದ ದೀಪಾವಳಿಯಿಂದ ಈಚೆಗೆ ಮೂವರು ನನಗೆ ಹೆಚ್ಚೂಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ. ವಿಜಯಪುರದ ಒಬ್ಬ ಶಿಕ್ಷಕಿಗೆ ತಮ್ಮ ಆಯಿಯ ಫೋಟೋ ಬೇಕು. ಆಯಿಗೆ ಈಗ ಎಂಬತ್ತೆರಡು. ಮೊಬೈಲ್‌ನಲ್ಲಿ ಸಾವಿರ ಫೋಟೋ ಇವೆ, ಗೋಡೆಗೆ ಹಾಕುವಂಥದ್ದು ಒಂದೂ ಇಲ್ಲ ಅಂತಾರೆ. ಜಮಖಂಡಿಯ ಒಬ್ಬ ಕಾಲೇಜು ಹುಡುಗನಿಗೆ ಬೆಳ್ಳಿಯ ರಾಸಾಯನಿಕದಿಂದ ಮೂಡುವ ಫೋಟೋ ಕೈಯಾರೆ ಮಾಡುವುದನ್ನು ಕಲಿಯಬೇಕು. ಕೈಯಲ್ಲಿ ದುಡ್ಡು ಕಡಿಮೆ. ಇನ್ನೊಬ್ಬರು ಇಲ್ಲೇ ಬೆಳಗಾವಿಯ ಶಹಾಪುರದಲ್ಲಿ ಸ್ಟುಡಿಯೋ ನಡೆಸುವ ಗೆಳೆಯರು. ಮದುವೆ ಸೀಸನ್ ಇಲ್ಲದ ದಿನಗಳಲ್ಲಿ ನೂರೈವತ್ತು ವರ್ಷದ ಹಿಂದಿನ ಹಾಗೆ ಗಾಜು ಅಥವಾ ತಗಡಿನ ಪ್ಲೇಟ್ ಮೇಲೆ ಮುಖ ತೆಗೆದುಕೊಡಬೇಕು ಅಂತ ಅವರ ಆಸೆ.

ಮೂವರೂ ಸಿಕ್ಕಿಹಾಕಿಕೊಂಡಿರುವುದು ಒಂದೇ ಕಡೆ. ಡಾಗೇರೋಟೈಪ್, ಕ್ಯಾಲೊಟೈಪ್, ಉಪ್ಪಿನ ಪ್ರಿಂಟ್, ವೆಟ್ ಪ್ಲೇಟ್, ಡ್ರೈ ಪ್ಲೇಟ್, ಸಯಾನೊಟೈಪ್. ಇವೆಲ್ಲ ಫೋಟೋ ತೆಗೆಯುವ, ಅಚ್ಚು ಹಾಕುವ ಹಳೇ ಪದ್ಧತಿಗಳು. ವಿಡಿಯೋಗಳಲ್ಲಿ ಎಲ್ಲವೂ ಚಂದ ಕಾಣುತ್ತವೆ. ಯಾವುದನ್ನು ಹಿಡಿಯಬೇಕು?

ತಿಲಕವಾಡಿಯ ನಮ್ಮ ಮನೆಯ ಮೇಲಿನ ಬಚ್ಚಲನ್ನೇ ನಾನು ಕತ್ತಲಕೋಣೆ ಮಾಡಿಕೊಂಡಿದ್ದೇನೆ. ಇವುಗಳಲ್ಲಿ ಹೆಚ್ಚಿನವನ್ನು ಮಾಡಿ ನೋಡಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ರಾಸಾಯನಿಕ ನೋಡಿ ಪದ್ಧತಿ ಆರಿಸಬೇಡಿ. ಯಾರ ಮುಖ ತೆಗೆಯುತ್ತೀರೋ ಅವರನ್ನು ನೋಡಿ ಆರಿಸಿ. ನಾನು ಇದನ್ನು ಕಲಿತದ್ದು ನಮ್ಮ ಆಯಿಯಿಂದಲೇ. ಆ ಕಥೆ ಮುಂದೆ ಬರುತ್ತದೆ.

ಅಳೆಯುವುದು ಹೇಗೆ

ಮೊದಲನೆಯ ಪ್ರಶ್ನೆ: ಅವರು ಎಷ್ಟು ಹೊತ್ತು ಅಲ್ಲಾಡದೆ ಕೂರಬಲ್ಲರು? ಒಂದು ಸೆಕೆಂಡೋ, ಆರು ಸೆಕೆಂಡೋ, ಎರಡು ನಿಮಿಷವೋ? ಹಳೇ ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಕಬ್ಬಿಣದ ಸ್ಟ್ಯಾಂಡ್ ಇರುತ್ತಿತ್ತು. ಅದರ ಕವೆ ತಲೆಯ ಹಿಂಭಾಗವನ್ನು ಹಿಡಿದುಕೊಳ್ಳುತ್ತಿತ್ತು. ನಿಂತವರ ಹಳೇ ಫೋಟೋಗಳಲ್ಲಿ ಪಾದದ ಹಿಂದೆ ಗಮನವಿಟ್ಟು ನೋಡಿ. ಎಷ್ಟೋ ಸಲ ಆ ಸ್ಟ್ಯಾಂಡಿನ ಬುಡ ಇಣುಕುತ್ತದೆ. ಅಜ್ಜ-ಮುತ್ತಜ್ಜರು ಫೋಟೋದಲ್ಲಿ ಯಾಕೆ ನಗುವುದಿಲ್ಲ ಅಂತ ಮಕ್ಕಳು ಕೇಳುತ್ತಾರೆ, ಅಲ್ವಾ? ನಗುವನ್ನು ಅಷ್ಟು ಹೊತ್ತು ಹಿಡಿದಿಡುವುದು ಕಷ್ಟ, ಅದೂ ಒಂದು ಕಾರಣ.

ಎರಡನೆಯದು ಬಣ್ಣ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ನಮ್ಮ ಜನರ ಮುಖಕ್ಕೆ ಇದೇ ದೊಡ್ಡ ವಿಷಯ. ಆ ಕಾಲದ ಪ್ಲೇಟುಗಳಿಗೆ ಕಾಣುವುದು ನೀಲಿ ಬೆಳಕು ಮತ್ತು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಮಾತ್ರ. ಕೆಂಪು ಅವಕ್ಕೆ ಕಪ್ಪು. ಹಳದಿಯೂ ಕಪ್ಪಿಗೆ ಹತ್ತಿರ. ಹಣೆಯ ಕುಂಕುಮ ಕಪ್ಪು ಬೊಟ್ಟಾಗುತ್ತದೆ. ವಿಭೂತಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅರಿಶಿನ ಹಚ್ಚಿದ ಕೆನ್ನೆ ಕಂದುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಾಗಿ, ಅದರೊಳಗಿನ ಬಿಳಿ ನೇಯ್ಗೆ ಎದ್ದು ಕಾಣುತ್ತದೆ. ಅದೇ ಸೀರೆಯ ಮೈ ನೀಲಿ ಇದ್ದರೆ, ಕಣ್ಣಿಗೆ ಕಾಣುವುದಕ್ಕಿಂತ ತಿಳಿಯಾಗುತ್ತದೆ. ಗೋದಿ ಬಣ್ಣದ ಮುಖ ಇದ್ದುದಕ್ಕಿಂತ ಕಪ್ಪಾಗಿ ಬರುತ್ತದೆ. ಸುಕ್ಕು, ಮಚ್ಚೆ, ಬಿಸಿಲಿನ ಕಲೆ ಎಲ್ಲ ಎರಡು ಪಟ್ಟಾಗಿ ಕಾಣುತ್ತವೆ. ಕೆಲವರಿಗೆ ಅದರಲ್ಲೇ ಚೆಲುವಿದೆ. ಕೆಲವರಿಗೆ ನೋವಾಗುತ್ತದೆ.

ಇದನ್ನು ಮೊದಲೇ ನೋಡಿಕೊಳ್ಳಲು ಸುಲಭದ ದಾರಿ ಇದೆ. ಅವರದೊಂದು ಕಲರ್ ಫೋಟೋ ಮೊಬೈಲ್‌ನಲ್ಲಿ ತೆಗೆಯಿರಿ. ಯಾವುದಾದರೂ ಎಡಿಟಿಂಗ್ ಆ್ಯಪ್‌ನಲ್ಲಿ ಕೆಂಪು, ಹಸಿರು ತೆಗೆದುಹಾಕಿ ನೀಲಿ ಚಾನೆಲ್ ಮಾತ್ರ ಕಪ್ಪು-ಬಿಳುಪಾಗಿ ನೋಡಿ. ಪ್ಲೇಟ್ ಆ ಮುಖವನ್ನು ಹೆಚ್ಚೂಕಡಿಮೆ ಹಾಗೇ ನೋಡುತ್ತದೆ. ಆ ಚಿತ್ರವನ್ನು ಕೂರುವವರಿಗೂ ತೋರಿಸಿ. ಅವರ ಮುಖ ಸೊಟ್ಟಗಾದರೆ ಪದ್ಧತಿ ಬದಲಿಸಿ.

ಮೂರನೆಯದು, ಬೇಕಿರುವುದು ಒಂದು ಪ್ರತಿಯೋ ಹತ್ತೋ? ನಾಲ್ಕು ಮಕ್ಕಳ ನಾಲ್ಕು ಮನೆಗೂ ಬೇಕೆಂದರೆ ನೆಗೆಟಿವ್ ಇರುವ ಪದ್ಧತಿಯೇ ಬೇಕು. ನಾಲ್ಕನೆಯದು ವಿಷ, ಬೆಂಕಿ, ನೀರು ಮತ್ತು ನಮ್ಮ ಹವೆ. ದುಡ್ಡು ಕೊನೆಗೆ. ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕರೆ ಖರ್ಚು ತಾನೇ ತೀರ್ಮಾನವಾಗುತ್ತದೆ.

ಡಾಗೇರೋಟೈಪ್: ನೋಡಿ, ಮಾಡಬೇಡಿ

1839ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಇದರ ಗುಟ್ಟು ಬಿಚ್ಚಿಟ್ಟರು. ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಬೇಕು. ಅಯೋಡಿನ್ ಹೊಗೆ ಹಿಡಿಸಿ ಕ್ಯಾಮೆರಾಕ್ಕೆ ಹಾಕಬೇಕು. ಆಮೇಲೆ ಬಿಸಿ ಪಾದರಸದ ಆವಿಯ ಮೇಲೆ ಹಿಡಿದರೆ ಮುಖ ಮೂಡುತ್ತದೆ. ಮೊದಮೊದಲು ನಿಮಿಷಗಟ್ಟಲೆ ಕೂರಬೇಕಿತ್ತು. 1840ರಲ್ಲಿ ವಿಯೆನ್ನಾದ ಪೆಟ್ಜ್‌ವಾಲ್ ಲೆಕ್ಕ ಹಾಕಿ ರೂಪಿಸಿದ ಲೆನ್ಸ್ ಹತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಬಿಟ್ಟಿತು. ತಗಡಿಗೆ ಅಯೋಡಿನ್ ಜೊತೆ ಬ್ರೋಮಿನ್ ಹೊಗೆಯನ್ನೂ ಹಿಡಿಸತೊಡಗಿದರು. ಹೊತ್ತು ಒಂದು ನಿಮಿಷದ ಒಳಗೆ ಬಂತು. ಮುಖ ತೆಗೆಯುವ ಅಂಗಡಿಗಳು ಹುಟ್ಟಿದ್ದು ಆಮೇಲೆಯೇ. ಲಂಡನ್‌ನಲ್ಲಿ ರಿಚರ್ಡ್ ಬಿಯರ್ಡ್ 1841ರ ಮಾರ್ಚ್‌ನಲ್ಲಿ ಸ್ಟುಡಿಯೋ ತೆರೆದ.

ಇಷ್ಟು ಸೂಕ್ಷ್ಮವಾದ ಚಿತ್ರ ಕಾಗದದ ಮೇಲೆ ಬರುವುದಿಲ್ಲ. ಆದರೆ ಪಾದರಸದ ಆವಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಬರುವುದಿಲ್ಲ, ಶ್ವಾಸಕೋಶದಿಂದ ನೇರ ರಕ್ತಕ್ಕೆ ಸೇರುತ್ತದೆ. ಮನೆಯಲ್ಲಿ ಮಕ್ಕಳು, ಮುದುಕರು ಇರುವಲ್ಲಿ ಈ ಮಾತೇ ಬೇಡ. ಪಾದರಸವಿಲ್ಲದೆ ಕೆಂಪು ಗಾಜಿನ ಕೆಳಗೆ ಗಂಟೆಗಟ್ಟಲೆ ಬೆಳಕಿಗಿಟ್ಟು ಚಿತ್ರ ಮೂಡಿಸುವ ಬೆಕೆರೆಲ್ ಪದ್ಧತಿಯೂ ಇದೆ. ಅದಕ್ಕೆ ಕ್ಯಾಮೆರಾದಲ್ಲಿ ಇನ್ನೂ ಜಾಸ್ತಿ ಹೊತ್ತು ಬೇಕು. ಕಲ್ಲು, ಪಾತ್ರೆ ತೆಗೆಯಲು ಸರಿ, ಮುಖಕ್ಕೆ ಕಷ್ಟ. ಪ್ರತಿಯೂ ಒಂದೇ. ಮೂವರಿಗೂ ನನ್ನ ಉತ್ತರ: ಇದನ್ನು ಬಿಡಿ.

ಕಾಗದದ ನೆಗೆಟಿವ್: ಎಲ್ಲಕ್ಕಿಂತ ನಿಧಾನ

ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಹಕ್ಕು ಪಡೆದ ಕ್ಯಾಲೊಟೈಪ್‌ನಲ್ಲಿ ನೆಗೆಟಿವ್ ಕಾಗದದ್ದು. ಅದರಿಂದ ಬೇಕಾದಷ್ಟು ಪ್ರತಿ ತೆಗೆಯಬಹುದು. ಕಾಗದದ ನಾರು ಚಿತ್ರದೊಳಗೆ ಸೇರಿಕೊಳ್ಳುತ್ತದೆ. ಸಣ್ಣ ವಿವರ ಕರಗಿ, ನೆರಳು-ಬೆಳಕಿನ ದೊಡ್ಡ ತುಂಡುಗಳು ಉಳಿಯುತ್ತವೆ.

ಎಡಿನ್‌ಬರೋದಲ್ಲಿ ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ಚಿತ್ರಕಾರ, ರಾಬರ್ಟ್ ಆಡಮ್ಸನ್ ಎಂಬ ಯುವಕ 1843ರಿಂದ ಜೋಡಿಯಾಗಿ ಕೆಲಸ ಮಾಡಿದರು. ಮೊದಲ ಉದ್ದೇಶ ಬೇರೆಯೇ ಇತ್ತು. ಸ್ಕಾಟ್ಲೆಂಡಿನ ಚರ್ಚ್ ಒಡೆದು ಹೊರಬಂದ ನೂರಾರು ಪಾದ್ರಿಗಳನ್ನು ಒಂದೇ ದೊಡ್ಡ ವರ್ಣಚಿತ್ರದಲ್ಲಿ ಬರೆಯಬೇಕು, ಅದಕ್ಕೆ ಗುರುತಿಗೆ ಮುಖಗಳು ಬೇಕು. ಹಿಲ್ ಕೂರಿಸುವುದನ್ನು ನೋಡಿಕೊಂಡ, ಆಡಮ್ಸನ್ ಕ್ಯಾಮೆರಾ ಮತ್ತು ರಾಸಾಯನಿಕ. ಆ ವರ್ಣಚಿತ್ರ ಮುಗಿದದ್ದು 1866ರಲ್ಲಿ. ಇವತ್ತು ಜನ ನೆನೆಯುವುದು ಗುರುತಿಗೆಂದು ತೆಗೆದ ಆ ಫೋಟೋಗಳನ್ನು, ಜೊತೆಗೆ ನ್ಯೂಹೇವನ್ ಎಂಬ ಬೆಸ್ತರ ಊರಿನ ಗಂಡಸರು, ಹೆಂಗಸರ ಚಿತ್ರಗಳನ್ನು. ಆ ಮುಖಗಳನ್ನು ನೋಡಿ. ಯಾರೋ ಕೈಗೆ ತಲೆ ಆನಿಸಿದ್ದಾರೆ, ಯಾರೋ ಗೋಡೆಗೆ ಒರಗಿದ್ದಾರೆ, ಯಾರೋ ಪಕ್ಕದವರ ಹೆಗಲ ಮೇಲೆ ಕೈ ಇಟ್ಟಿದ್ದಾರೆ. ಬಿಸಿಲಿನಲ್ಲಿ ನಿಮಿಷಗಟ್ಟಲೆ ಅಲ್ಲಾಡದಿರಲು ಕೊಟ್ಟ ಆಸರೆ ಅದು. ಅದೇ ಆ ಚಿತ್ರಗಳ ಚೆಲುವೂ ಹೌದು. ಇಲ್ಲಿ ಎಲ್ಲಿಯವರೆಗೆ ಕಸುಬು, ಎಲ್ಲಿಂದ ಕಲೆ ಅಂತ ಗೆರೆ ಎಳೆಯಲು ನನಗಂತೂ ಆಗುವುದಿಲ್ಲ.

ನಮ್ಮ ಕಡೆಗೂ ಈ ಕಾಗದದ ನೆಗೆಟಿವ್ ಬೇಗನೇ ಬಂದಿತ್ತು. 1855ರಲ್ಲಿ ಬಾಂಬೆ ಸರಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತು. ಆತ ವಿಜಯಪುರ, ಬಾದಾಮಿ, ಐಹೊಳೆಗಳಲ್ಲಿ ಇದೇ ಪದ್ಧತಿಯಲ್ಲಿ ಕೆಲಸ ಮಾಡಿದ. ಗೋಳಗುಮ್ಮಟ ಅಲ್ಲಾಡುವುದಿಲ್ಲ. ಎಷ್ಟು ನಿಮಿಷ ಬೇಕಾದರೂ ಕಾಯುತ್ತದೆ. ಎಂಬತ್ತೆರಡರ ಆಯಿ ಕಾಯಬಲ್ಲರೇ?

ಹಾಗಾಗಿ ಕ್ಯಾಲೊಟೈಪ್ ಯಾರಿಗೆ? ಸುಮ್ನೆ ಎರಡು ನಿಮಿಷ ಕೂರಬಲ್ಲ ಗೆಳೆಯರಿರುವವರಿಗೆ. ಹತ್ತು ಹಾಳೆ ಕೆಟ್ಟು ಹನ್ನೊಂದನೆಯದು ಬಂದರೆ ಸಂತೋಷಪಡುವವರಿಗೆ. ಮೊದಲ ಪದ್ಧತಿಯಾಗಿ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ವೆಟ್ ಪ್ಲೇಟ್: ಎಲ್ಲರ ಕಣ್ಣೂ ಇದರ ಮೇಲೆ

ಹೆಚ್ಚಿನ ಪ್ರಶ್ನೆಗಳು ಇದರ ಬಗ್ಗೆಯೇ ಬರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಈ ಪದ್ಧತಿಯನ್ನು ಪ್ರಕಟಿಸಿದ. ಹಕ್ಕು ಕಾಯ್ದಿರಿಸಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟ. 1857ರಲ್ಲಿ ಬಡತನದಲ್ಲೇ ತೀರಿಕೊಂಡ. ಆಮೇಲೆ ಸುಮಾರು ಮೂವತ್ತು ವರ್ಷ ಜಗತ್ತಿನ ಸ್ಟುಡಿಯೋಗಳು ನಡೆದದ್ದು ಅವನ ಪದ್ಧತಿಯಿಂದ.

ಕೆಲಸ ಹೀಗೆ. ಈಥರ್ ಮತ್ತು ಆಲ್ಕೊಹಾಲ್‌ನಲ್ಲಿ ಕರಗಿಸಿದ ಕೊಲೋಡಿಯನ್ ಎಂಬ ಅಂಟನ್ನು ಗಾಜಿನ ಮೇಲೆ ಸುರಿದು, ನಾಲ್ಕೂ ಮೂಲೆಗೆ ಹರಿಸಿ, ಉಳಿದದ್ದನ್ನು ಬಾಟಲಿಗೆ ಬಸಿಯಬೇಕು. ದೋಸೆ ಹಿಟ್ಟು ಹರಡಿದ ಹಾಗಲ್ಲ, ಕೈ ತಾಗಿಸುವಂತಿಲ್ಲ. ಗಾಜನ್ನು ಓರೆ ಮಾಡಿಯೇ ಹರಿಸಬೇಕು. ಆಮೇಲೆ ಸಿಲ್ವರ್ ನೈಟ್ರೇಟ್ ತೊಟ್ಟಿಯಲ್ಲಿ ಮೂರ್ನಾಲ್ಕು ನಿಮಿಷ ಮುಳುಗಿಸಬೇಕು. ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಚಿತ್ರ ತೆಗೆದು, ಕೆಂಪು ಬೆಳಕಿನಲ್ಲಿ ಕಬ್ಬಿಣದ ಸಲ್ಫೇಟ್ ಸುರಿದು ಮೂಡಿಸಬೇಕು. ಒಣಗಿದರೆ ಮುಗಿಯಿತು. ಡಿಸೆಂಬರ್‌ನ ಬೆಳಗಾವಿಯಲ್ಲಿ ನನಗೆ ಹತ್ತು ನಿಮಿಷ ಸಿಗುತ್ತದೆ. ಮೇ ತಿಂಗಳಲ್ಲಿ ಅದರ ಅರ್ಧವೂ ಇಲ್ಲ.

ಪಡಸಾಲೆಯ ನೆರಳಿನಲ್ಲಿ, ಒಳ್ಳೆ ಅಗಲದ ಲೆನ್ಸ್ ಇದ್ದರೆ, ಮೂರರಿಂದ ಆರು ಸೆಕೆಂಡ್ ಕೂತರೆ ಸಾಕು. ಅದೇ ಗಾಜಿಗೆ ಹಿಂದೆ ಕಪ್ಪು ಕೊಟ್ಟರೆ ಆ್ಯಂಬ್ರೊಟೈಪ್. ಕಪ್ಪು ಬಣ್ಣದ ತಗಡಿನ ಮೇಲೆ ತೆಗೆದರೆ ಟಿನ್‌ಟೈಪ್. ಹೆಸರಲ್ಲಿ ತವರ ಇದ್ದರೂ ಆಗಿನ ತಗಡು ಕಬ್ಬಿಣದ್ದು, ಹಳೇದು ಸಿಕ್ಕರೆ ಅಯಸ್ಕಾಂತ ಹಿಡಿದು ನೋಡಬಹುದು. ಈಗ ಟ್ರೋಫಿ ಮತ್ತು ನೇಮ್‌ಪ್ಲೇಟ್ ಮಾಡುವವರು ಬಳಸುವ ಕಪ್ಪು ಅಲ್ಯೂಮಿನಿಯಂ ಶೀಟ್ ಸಾಕು.

ಇನ್ನು ಇದರ ತೊಡಕುಗಳು. ಮೊದಲು ನಮ್ಮ ಹವೆ. ಈಥರ್ 34.6 ಡಿಗ್ರಿಗೆ ಕುದಿಯುತ್ತದೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ಮಧ್ಯಾಹ್ನ ಅದಕ್ಕಿಂತ ಬಿಸಿ. ಬಾಟಲಿಯ ಮುಚ್ಚಳ ತೆಗೆದರೆ ಆವಿ ನುಗ್ಗುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಒಂದು ಕಿಡಿಗೂ ಹೊತ್ತಿಕೊಳ್ಳುತ್ತದೆ. ಅಡುಗೆಮನೆಗೆ ಅಂಟಿದ ಕೋಣೆಯಲ್ಲಿ ಇದನ್ನು ಮಾಡಲೇಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಮಾಡಿ. ಬೆಳಗಾವಿಯ ಮಳೆಗಾಲದಲ್ಲಿ ಬೆಳಕೂ ಇಲ್ಲ, ತೇವವೂ ಜಾಸ್ತಿ.

ಎರಡನೆಯದು ವಿಷ. ಹಳಬರು ಚಿತ್ರ ತಿಳಿಯಾಗಿಸಲು ಪೊಟ್ಯಾಸಿಯಂ ಸಯನೈಡ್ ಬಳಸುತ್ತಿದ್ದರು. ಈಗಲೂ ಕೆಲವರು ಬಳಸುತ್ತಾರೆ, ಚಿತ್ರ ಇನ್ನಷ್ಟು ಬೆಳ್ಳಗೆ, ಬೆಚ್ಚಗೆ ಬರುತ್ತದೆ ಅಂತ. ನಾನು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಬಳಸುತ್ತೇನೆ. ಚಿತ್ರ ತುಸು ಮಬ್ಬು, ಅಷ್ಟೇ. ನೀವೂ ಹೈಪೋ ಬಿಟ್ಟು ಬೇರೆ ಕಡೆ ನೋಡಬೇಡಿ. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ವಾರಗಟ್ಟಲೆ ಕಪ್ಪು ಕಲೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಬಾಟಲಿ ತೆರೆಯಬಾರದು.

ಮೂರನೆಯದು ದುಡ್ಡು. ಸಿಲ್ವರ್ ನೈಟ್ರೇಟ್‌ನ ತೂಕದಲ್ಲಿ ಸುಮಾರು 63 ಭಾಗ ಬೆಳ್ಳಿಯೇ. ಸರಾಫ ಅಂಗಡಿಯ ಬೋರ್ಡ್‌ನಲ್ಲಿ ಬೆಳ್ಳಿ ಏರಿದರೆ ಇದೂ ಏರುತ್ತದೆ. ಚಿಕ್ಕ ತೊಟ್ಟಿಗೂ 300 ಮಿ.ಲೀ. ದ್ರಾವಣ ಬೇಕು, ಅದರಲ್ಲಿ 27 ಗ್ರಾಂ. ತೊಟ್ಟಿಯನ್ನು ಮತ್ತೆ ಮತ್ತೆ ಬಳಸಬಹುದು, ಆದರೆ ಮೊದಲ ದಿನವೇ ಅಷ್ಟೂ ಕೊಳ್ಳಬೇಕು. ಲೆನ್ಸ್‌ಗೆ ಜಾಸ್ತಿ ಖರ್ಚು ಬೇಡ. ಟೂರಿಂಗ್ ಟಾಕೀಸ್ ಕಾಲದ ಹಳೇ ಸಿನಿಮಾ ಪ್ರೊಜೆಕ್ಟರ್ ಲೆನ್ಸ್‌ಗಳಲ್ಲಿ ಬಹಳಷ್ಟು ಅದೇ ಪೆಟ್ಜ್‌ವಾಲ್ ಮಾದರಿಯವು. ಗುಜರಿಯಲ್ಲಿ ಕಂಡರೆ ಬಿಡಬೇಡಿ. ಚಿಕ್ಕ ಪ್ಲೇಟಿಗೆ ಸಾಕಾಗುತ್ತವೆ. ಮುಖ ಚೂಪಾಗಿ, ಅಂಚು ಕರಗಿ ಬರುತ್ತದೆ.

ನಾಲ್ಕನೆಯದು, ನಮ್ಮ ಆಯಿಯ ಕಥೆ. ಮೊದಲ ವರ್ಷದ ಉತ್ಸಾಹದಲ್ಲಿ ಅವರನ್ನು ಕೂರಿಸಿ ಟಿನ್‌ಟೈಪ್ ತೆಗೆದೆ. ಪ್ಲೇಟ್ ಚೊಲೋ ಬಂದಿತ್ತು. ಒಂದು ಗೀರಿಲ್ಲ, ಕಣ್ಣಿನ ರೆಪ್ಪೆಯೂ ಎಣಿಸಬಹುದು. ಆಯಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ನಾ ಇಷ್ಟ ಕಪ್ಪ ಅದೀನೇನೋ ತಮ್ಮಾ?" ಅಂದರು. ಆಮೇಲೆ, "ನನ್ನ ನತ್ತ ಆ ಕಡಿ ಯಾಕ ಹೋತು?" ತಗಡಿನ ಮೇಲಿನ ಚಿತ್ರ ಕನ್ನಡಿಯ ಹಾಗೆ ಎಡ-ಬಲ ತಿರುಗಿರುತ್ತದೆ. ಮೂಗಿನ ನತ್ತು, ಸೀರೆಯ ಸೆರಗು ಎಲ್ಲ ಆಚೆ ಬದಿಗೆ. ನನಗೆ ಗೊತ್ತಿತ್ತು, ಅವರಿಗೆ ಹೇಳಿರಲಿಲ್ಲ. ಆ ಪ್ಲೇಟನ್ನು ಅವರು ಗೋಡೆಗೆ ಹಾಕಲು ಬಿಡಲಿಲ್ಲ. ತಪ್ಪು ಪ್ಲೇಟಿನದಲ್ಲ, ಅವರಿಗೆ ಬೇಕಾದ್ದು ಏನು ಅಂತ ನಾನು ಕೇಳಿರಲಿಲ್ಲ.

ಅಂದಿನಿಂದ ನಾನು ಕಂದು ಮೈಬಣ್ಣದವರಿಗೆ ಎರಡು ಪಟ್ಟು ಹೊತ್ತು ಕೊಡುತ್ತೇನೆ. ಹಿನ್ನೆಲೆ ಅತಿ ಬೆಳ್ಳಗಾದರೂ ಪರವಾಗಿಲ್ಲ, ಮುಖ ಸರಿ ಬರಬೇಕು. ಮುಖಕ್ಕೆ ಪೌಡರ್ ಬಳಿಯುವ ಹಳೇ ರೂಢಿ ನನಗೆ ಇಷ್ಟವಿಲ್ಲ. ಬಿಸಿಲಿಗೆ ಕಪ್ಪಾಗುವ ಚಸ್ಮಾ ತೆಗೆಸಿಬಿಡುತ್ತೇನೆ, ಇಲ್ಲದಿದ್ದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಬಿಲ್ಲೆ ಬರುತ್ತವೆ.

ಇದೇ ಪದ್ಧತಿಯಲ್ಲಿ ಏನು ಸಾಧ್ಯ ಅಂತ ನೋಡಲು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್‌ಳ ಕೆಲಸ ನೋಡಿ. 1815ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದವಳು. 1863ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಮಗಳು-ಅಳಿಯ ಕ್ಯಾಮೆರಾ ಉಡುಗೊರೆ ಕೊಟ್ಟರು. ಇದ್ದಿಲು ಕೋಣೆಯನ್ನು ಕತ್ತಲಕೋಣೆ ಮಾಡಿಕೊಂಡಳು, ಗಾಜು ಹಾಕಿದ ಕೋಳಿಗೂಡನ್ನು ಸ್ಟುಡಿಯೋ ಮಾಡಿಕೊಂಡಳು. ಮುಖ ಮಸುಕು, ಪ್ಲೇಟ್ ಮೇಲೆ ಬೆರಳಚ್ಚು, ಗೀರು ಅಂತ ಆ ಕಾಲದ ಪರಿಣತರು ಬೈದರು. 1867ರಲ್ಲಿ ಅವಳು ತೆಗೆದ ವಿಜ್ಞಾನಿ ಹರ್ಷೆಲ್‌ನ ಮುಖ ನೋಡಿದರೆ ಆ ಬೈಗುಳ ನೆನಪಾಗುವುದಿಲ್ಲ. ಕತ್ತಲೊಳಗಿಂದ ಒಬ್ಬ ಮುದುಕ ಎದ್ದು ಬಂದಂತಿದೆ, ಕೂದಲು ಹೊತ್ತಿ ಉರಿದಂತಿದೆ. ಮೂವತ್ತು ವರ್ಷದ ಗೆಳೆತನ ಇಬ್ಬರದೂ. ಹೈಪೋದಿಂದ ಚಿತ್ರ ಉಳಿಸಬಹುದು ಅಂತ ಫೋಟೋಗ್ರಫಿಗೆ ತಿಳಿಸಿಕೊಟ್ಟವನೂ ಅದೇ ಹರ್ಷೆಲ್.

ಶಹಾಪುರದ ಗೆಳೆಯರಿಗೆ ವೆಟ್ ಪ್ಲೇಟ್ ಸರಿಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಅವರಿಗೆ ಸ್ಟುಡಿಯೋ ಇದೆ, ಗಾಳಿ ಹೊರಹಾಕುವ ಫ್ಯಾನ್ ಇದೆ, ಬೆಳಗಾವಿಯ ಚಳಿಗಾಲ ಇದೆ. ಬಂದವರ ಎದುರೇ ಹೈಪೋ ತಟ್ಟೆಯೊಳಗೆ ನೀಲಿ ಮಬ್ಬಿನಿಂದ ಮುಖ ತಿರುಗಿ ಮೂಡುವುದನ್ನು ತೋರಿಸಬಹುದು. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ದರ ಹೇಳುವ ಮೊದಲೇ ಮೂರು ವಿಷಯ ತಿಳಿಸಿ: ಬಣ್ಣ ಹೀಗೆ ಬರುತ್ತದೆ, ಎಡ-ಬಲ ತಿರುಗುತ್ತದೆ, ಪ್ರತಿ ಒಂದೇ. ಮತ್ತೊಂದು ಸಲಹೆ. ಹೈದರಾಬಾದ್‌ನಲ್ಲಿ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್ 1892ರಲ್ಲಿ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೋ ತೆರೆದು, ಅದನ್ನು ನಡೆಸಲು ಒಬ್ಬ ಮಹಿಳೆಯನ್ನೇ ಇಟ್ಟಿದ್ದರು. ಕೂರುವವರಿಗೆ ನೆಮ್ಮದಿ ಇದ್ದರೆ ಮುಖ ತಾನೇ ಸಡಿಲವಾಗುತ್ತದೆ. ನಿಮ್ಮ ಮನೆಯವರಿಗೂ ಈ ಕೆಲಸ ಕಲಿಸಿ, ಇಬ್ಬರೂ ಮಾಡಿ.

ಡ್ರೈ ಪ್ಲೇಟ್ ಮತ್ತು ಫೋಟೋ ಪೇಪರ್

1871ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯ ಕೊಲೋಡಿಯನ್ ಬದಲು ಜೆಲಟಿನ್ ಬಳಸಿ ನೋಡಿದ. ಹತ್ತು ವರ್ಷದೊಳಗೆ ಪ್ಲೇಟ್ ಅಂಗಡಿಯಲ್ಲಿ ಸಿಗತೊಡಗಿತು. ಮೊದಲೇ ಮಾಡಿಟ್ಟುಕೊಂಡು ಬೇಕಾದಾಗ ತೆಗೆಯಬಹುದು, ಮೂಡಿಸುವುದು ನಾಳೆಗೂ ಆಗುತ್ತದೆ. ಈಥರ್ ಇಲ್ಲ. ನಮ್ಮ ಪಡಸಾಲೆ ಬೆಳಕಿನಲ್ಲಿ ಒಂದು ಸೆಕೆಂಡಿನ ಆಸುಪಾಸು ಸಾಕು. ಮಕ್ಕಳನ್ನೂ ತೆಗೆಯಬಹುದು. ಗಾಜಿನ ನೆಗೆಟಿವ್ ಉಳಿಯುವುದರಿಂದ ಪ್ರತಿಗೆ ಲೆಕ್ಕವಿಲ್ಲ. ಬಣ್ಣದ ವಿಷಯದಲ್ಲಿ ಸ್ವಭಾವ ವೆಟ್ ಪ್ಲೇಟಿನದ್ದೇ, ಆದರೆ ಪ್ರಿಂಟ್ ಮಾಡುವಾಗ ಮುಖ ತಿಳಿ ಮಾಡಿಕೊಳ್ಳಲು ಅವಕಾಶವಿದೆ. ರೆಡಿ ಪ್ಲೇಟ್ ಹೊರದೇಶದಿಂದ ತರಿಸಿದರೆ ದುಬಾರಿ. ಮನೆಯಲ್ಲಿ ಮಾಡಿದರೆ ಜೆಲಟಿನ್ ನಮ್ಮ ಬೇಸಿಗೆಗೆ ಗಟ್ಟಿಯಾಗುವುದಿಲ್ಲ, ಐಸ್ ಬೇಕು.

ಅದಕ್ಕೂ ಅಗ್ಗದ ದಾರಿ ಒಂದಿದೆ. ಕಪ್ಪು-ಬಿಳುಪು ಫೋಟೋ ಪೇಪರನ್ನೇ ಕತ್ತರಿಸಿ ಕ್ಯಾಮೆರಾದೊಳಗೆ ಹಾಕುವುದು. ಜೈಪುರದ ಬೀದಿಯಲ್ಲಿ ಮರದ ಪೆಟ್ಟಿಗೆಯ ಕ್ಯಾಮೆರಾ ಇಟ್ಟವರು ಮಾಡುತ್ತಿದ್ದದ್ದು ಇದನ್ನೇ. ಪೆಟ್ಟಿಗೆಯೊಳಗೇ ಡೆವಲಪರ್, ಹೈಪೋ. ಬಂದ ಕಾಗದದ ನೆಗೆಟಿವ್ ಅನ್ನು ಮುಂದೆ ಇಟ್ಟು ಮತ್ತೆ ಫೋಟೋ ತೆಗೆದರೆ ಪಾಸಿಟಿವ್. ಇದು 1840ರ ಪದ್ಧತಿಯಲ್ಲ, ಆದರೆ ಕೈಗೆ ಅದೇ ಪಾಠ ಕಲಿಸುತ್ತದೆ. ಪ್ಲೈವುಡ್ ಮತ್ತು ಒಂದು ಭೂತಗನ್ನಡಿಯಿಂದಲೂ ಕ್ಯಾಮೆರಾ ಆಗುತ್ತದೆ.

ಉಪ್ಪಿನ ಪ್ರಿಂಟ್, ಸಯಾನೊಟೈಪ್: ಬಿಸಿಲು ಇದ್ದವರಿಗೆ

ಇವು ಮುಖ ತೆಗೆಯುವ ಪದ್ಧತಿಗಳಲ್ಲ, ಅಚ್ಚು ಹಾಕುವವು. ನೆಗೆಟಿವ್ ಎಲ್ಲಿಂದ ಬಂದರೂ ಸರಿ. ಮೊಬೈಲ್ ಫೋಟೋದ ಕಪ್ಪನ್ನು ಬಿಳುಪು, ಬಿಳುಪನ್ನು ಕಪ್ಪು ಮಾಡಿ, ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್ ಪ್ರಿಂಟ್ ಹಾಕಿಸಿದರೂ ಆಯಿತು. ಇದನ್ನು ಕಳ್ಳದಾರಿ ಅಂತ ಕೆಲವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೂರುವವರಿಗೆ ಕಷ್ಟವಿಲ್ಲ, ಬಣ್ಣ ನಿಮ್ಮ ಕೈಯಲ್ಲಿದೆ, ಕಣ್ಣು ತೆರೆದ ಗಳಿಗೆ ಆರಿಸಿಕೊಳ್ಳಬಹುದು. ಉಪ್ಪಿನ ಪ್ರಿಂಟ್ ಆದರೆ ಕೊನೆಗೆ ಗೋಡೆಯ ಮೇಲೆ ಬರುವುದು ನಿಜವಾದ ಬೆಳ್ಳಿಯ ಚಿತ್ರವೇ.

ಉಪ್ಪಿನ ಪ್ರಿಂಟ್‌ಗೆ 100 ಮಿ.ಲೀ. ನೀರಿಗೆ 2 ಗ್ರಾಂ ಉಪ್ಪು ಹಾಕಿ ಒಳ್ಳೆ ಹತ್ತಿ ಕಾಗದ ನೆನೆಸಿ ಒಣಗಿಸಿ. ಅಯೋಡಿನ್ ಇಲ್ಲದ ಉಪ್ಪು ತನ್ನಿ. ಅದರ ಮೇಲೆ 12 ಪರ್ಸೆಂಟ್ ಸಿಲ್ವರ್ ನೈಟ್ರೇಟ್ ಬ್ರಷ್‌ನಿಂದ ಹಚ್ಚಿ, ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿಯಿರಿ. ಚಿತ್ರ ಕಣ್ಣೆದುರೇ ಕಂದುತ್ತಾ ಬರುತ್ತದೆ. ಬೇಕಾದ್ದಕ್ಕಿಂತ ಕಪ್ಪಾಗಿಸಿ, ಹೈಪೋದಲ್ಲಿ ತಿಳಿಯಾಗುತ್ತದೆ. 10 ಗ್ರಾಂ ಸಿಲ್ವರ್ ನೈಟ್ರೇಟ್‌ನಿಂದ 80 ಮಿ.ಲೀ. ದ್ರಾವಣ, ಅಂಗೈ ಅಗಲದ ಹಾಳೆಗೆ ಒಂದು ಮಿ.ಲೀ. ಸಾಕು. ವೆಟ್ ಪ್ಲೇಟಿನ 27 ಗ್ರಾಂಗೆ ಇದನ್ನು ಹೋಲಿಸಿ ನೋಡಿ. ಬೆಳ್ಳಿ ಕರಗಿಸಲು ಡಿಸ್ಟಿಲ್ಡ್ ವಾಟರ್ ಬೇಕು. ನಲ್ಲಿ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ದ್ರಾವಣ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ತೊಳೆಯಲು ಮಾತ್ರ ನೀರು ಜಾಸ್ತಿ ಬೇಕು. ಹೈಪೋ ಉಳಿದರೆ ಕೆಲವೇ ವರ್ಷದಲ್ಲಿ ಮುಖ ಹಳದಿಯಾಗಿ ಮಾಸುತ್ತದೆ. ನೀರಿನ ತಾಪತ್ರಯ ಇರುವ ಕಡೆ ಹೈಪೋ ಆದ ಮೇಲೆ 1 ಪರ್ಸೆಂಟ್ ಸೋಡಿಯಂ ಸಲ್ಫೈಟ್‌ನಲ್ಲಿ ಅದ್ದಿ, ಆಮೇಲೆ ತಟ್ಟೆಯಲ್ಲಿ ನೀರು ಬದಲಿಸುತ್ತಾ ತೊಳೆಯಿರಿ. ನಲ್ಲಿ ಬಿಟ್ಟು ಹರಿಸುವುದು ಬೇಡ.

ಸಯಾನೊಟೈಪ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುರಕ್ಷಿತ. ಹರ್ಷೆಲ್ 1842ರಲ್ಲಿ ಕೊಟ್ಟದ್ದು. ಎರಡು ಕಬ್ಬಿಣದ ಲವಣ, ಬಿಸಿಲು, ನೀರು, ಅಷ್ಟೇ. ಬೆಳ್ಳಿಯೇ ಇಲ್ಲ. ಬರುವುದು ನೀಲಿ ಮುಖ. ಮಕ್ಕಳಿಗೆ, ಗಿಡದೆಲೆಗಳಿಗೆ ಚಂದ. ಹಿರಿಯರ ಮುಖಕ್ಕೆ ನನಗೆ ಅಷ್ಟು ಹಿಡಿಸದು, ಚಹಾದಲ್ಲಿ ನೆನೆಸಿ ಕಂದು ಮಾಡಿದರೆ ಪರವಾಗಿಲ್ಲ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಕ್ಷಾರದ ನೀರಿಗೆ ಈ ನೀಲಿ ಮಾಸುತ್ತದೆ. ತೊಳೆಯುವ ಮೊದಲ ನೀರಿಗೆ ಸ್ವಲ್ಪ ನಿಂಬೆರಸ ಹಿಂಡಿ.

ಮೂವರಿಗೂ ಬರೆದದ್ದು

ಜಮಖಂಡಿಯ ಹುಡುಗನಿಗೆ: ಈ ಬೇಸಿಗೆಯಲ್ಲಿ ಸಯಾನೊಟೈಪ್‌ನಿಂದ ಶುರು ಮಾಡಪ್ಪ. ಕೈ ಕುದುರಿದ ಮೇಲೆ 10 ಗ್ರಾಂ ಸಿಲ್ವರ್ ನೈಟ್ರೇಟ್ ತಂದು ಉಪ್ಪಿನ ಪ್ರಿಂಟ್ ಮಾಡು. ಮಳೆಗಾಲದಲ್ಲಿ ಪೆಟ್ಟಿಗೆ ಕ್ಯಾಮೆರಾ ಕಟ್ಟಿಕೋ. ಚಳಿಗಾಲಕ್ಕೆ ಫೋಟೋ ಪೇಪರ್ ಹಾಕಿ ನಿಮ್ಮ ಅವ್ವನ ಮುಖ ತೆಗಿ. ವೆಟ್ ಪ್ಲೇಟ್‌ಗೆ ಒಬ್ಬನೇ ಕೈ ಹಾಕಬೇಡ. ಮಾಡಿದವರ ಜೊತೆ ನಿಂತು ಒಮ್ಮೆ ನೋಡಿದ ಮೇಲೆ ಸಾಕು. ಬೆಳಗಾವಿಗೆ ಬಾ, ತೋರಿಸುತ್ತೇನೆ.

ಸ್ಟುಡಿಯೋ ಗೆಳೆಯರಿಗೆ ಹೇಳಬೇಕಾದ್ದು ಮೇಲೆ ಹೇಳಿದ್ದೇನೆ. ಗಾಜಿಗಿಂತ ಮೊದಲು ಅಲ್ಯೂಮಿನಿಯಂ ಹಿಡಿಯಿರಿ, ಒಡೆಯುವ ಭಯವಿಲ್ಲ. ಒಂದೇ ಸಲ ಹಲವು ಪ್ರತಿ ಕೇಳುವವರು ಬಂದೇ ಬರುತ್ತಾರೆ. 1854ರಲ್ಲಿ ಪ್ಯಾರಿಸ್‌ನ ಡಿಸ್ಡೇರಿ ಎಂಬ ಫೋಟೋಗ್ರಾಫರ್ ಒಂದೇ ಗಾಜಿನ ನೆಗೆಟಿವ್‌ನಲ್ಲಿ ಎಂಟು ಫೋಟೋ ತೆಗೆದು, ಕಾಗದದ ಮೇಲೆ ಅಚ್ಚು ಹಾಕಿ ಅಗ್ಗವಾಗಿ ಮಾರಿದ್ದು ಇದೇ ಬೇಡಿಕೆಗೆ. ಅಂಥವರಿಗೆ ಉಪ್ಪಿನ ಪ್ರಿಂಟ್ ಮಾಡಿಕೊಡಿ, ತಗಡನ್ನು ಒತ್ತಾಯಿಸಬೇಡಿ.

ವಿಜಯಪುರದ ಅಕ್ಕನವರಿಗೆ ಮೊದಲು ಎರಡು ಪ್ರಶ್ನೆ ಕೇಳಿದೆ. ಆಯಿಯ ತಲೆ ನಡುಗುತ್ತದೆಯೇ? ಫೋಟೋ ಎಷ್ಟು ಮನೆಗೆ ಬೇಕು? ಸ್ವಲ್ಪ ನಡುಗುತ್ತದೆ, ಐದು ಮನೆಗೆ ಬೇಕು ಅಂದರು. ಅಲ್ಲಿಗೆ ವೆಟ್ ಪ್ಲೇಟ್, ಕ್ಯಾಲೊಟೈಪ್ ಎರಡೂ ಹೋದವು. ನೀವು ಒಳ್ಳೆ ಕ್ಯಾಮೆರಾದಲ್ಲೋ ಮೊಬೈಲ್‌ನಲ್ಲೋ ಆಯಿಯನ್ನು ತೆಗೆಯಿರಿ, ಅದರಿಂದ ಉಪ್ಪಿನ ಪ್ರಿಂಟ್ ಮಾಡೋಣ. ವಿಜಯಪುರದ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು.

ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಬಿಸಿಲು ನೇರ ಬೀಳದ ಪಡಸಾಲೆಯಲ್ಲಿ, ಕೈ ಇರುವ ಕುರ್ಚಿ ಹಾಕಿ. ಬೆನ್ನು, ತಲೆ ಗೋಡೆಗೆ ತಾಗಲಿ. ಬೆಳಕು ಒಂದೇ ಬದಿಯಿಂದ ಬರಲಿ. ಅವರಿಗೆ ಇಷ್ಟವಾದ ಇಳಕಲ್ ಸೀರೆಯನ್ನೇ ಉಡಲಿ, ಗುಳೇದಗುಡ್ಡದ ಖಣದ ಕುಬಸ ಇದ್ದರೆ ಅದನ್ನೇ ತೊಡಲಿ. ಬಣ್ಣದ ಚಿಂತೆ ಬೇಡ, ನೆಗೆಟಿವ್ ಮಾಡುವಾಗ ನೋಡಿಕೊಳ್ಳುತ್ತೇನೆ. ನತ್ತು ಇದ್ದ ಬದಿಯಲ್ಲೇ ಇರುತ್ತದೆ. ಮೊದಲು ನೀವೇ ಆ ಕುರ್ಚಿಯಲ್ಲಿ ಕೂತು ಒಂದು ಫೋಟೋ ತೆಗೆಸಿಕೊಂಡು ಆಯಿಗೆ ತೋರಿಸಿ. ಆಮೇಲೆ ಅವರನ್ನು ಕರೆಯಿರಿ.